ಮಧ್ಯಾಹ್ನದ ಖಾಲಿ ಸಾಲುಗಳು

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಾನು ಬಸವನ ಬಾಗೇವಾಡಿಯ ಗಾಳಿಗೆ ಜೋಳದ ಹಿಟ್ಟು ಬೆರೆಸಿದೆ.

ಕಚೇರಿಯ ಮಾಳಿಗೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಒಳಗೆ ಮೋಟರು. ಅದು ಗಾಳಿಯನ್ನು ಜೋರಾಗಿ ಎಳೆದು ಒಂದು ಬಿಳಿ ಕಾಗದದ ಮೂಲಕ ಹಾಯಿಸುತ್ತಿತ್ತು. ಎಂಟು ತಾಸಿಗೊಮ್ಮೆ ಆ ಕಾಗದ ತೆಗೆದು ಬೇರೆಯದು ಹಾಕುವುದು ನನ್ನ ಕೆಲಸ. ಹಾಕುವ ಮುಂಚೆ ಕಾಗದ ಎಷ್ಟು ತೂಗುತ್ತಿತ್ತು, ತೆಗೆದ ಮೇಲೆ ಎಷ್ಟು ತೂಗಿತು, ನಡುವಿನ ಅಂತರವೇ ಊರಿನ ಧೂಳು. ಚಿಮಟಿಗೆಯಿಂದಲೇ ಹಿಡಿಯಬೇಕು ಎಂದು ಹೇಳಿಕೊಟ್ಟಿದ್ದರು. ನಾನು ಮನೆಯಲ್ಲಿ ರೊಟ್ಟಿ ಬಡಿದು, ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದವಳು, ಬೆರಳಿನಿಂದಲೇ ಹಿಡಿದೆ. ತೂಕ ಮಾಡಿದ ಹಿರೇಮಠ ಸಾಹೇಬರು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಗಂಗಾಬಾಯಿ, ನಿನ್ನಿ ಊರಾಗ ಹಿಟ್ಟಿನ ಗಿರಣಿ ಏನರ ಹಾರಿ ಹೋತೇನು?"

"ಇಲ್ರಿ ಸಾಹೇಬ್ರ."

"ಮತ್ತ ಇದರಾಗ ನಾಕ ಬೆರಳ ಹಿಟ್ಟ ಹೆಂಗ ಬಂತು?"

ಎಲ್ಲರೂ ನಕ್ಕರು. ಆದರೆ ಸಾಹೇಬರು ಆ ಕಾಗದ ಎಸೆಯಲಿಲ್ಲ. ದಿನವಹಿ ಪುಸ್ತಕ ತರಿಸಿ ನನ್ನ ಕೈಯಿಂದಲೇ ಬರೆಸಿದರು: 'ಅಟೆಂಡರಳ ಕೈ ತಾಗಿದೆ, ಈ ತೂಕ ಹಿಡಿಯಬಾರದು.' ನನ್ನ ಅಕ್ಷರ ಇರುವೆ ಸಾಲಿನ ಹಾಗೆ ಸೊಟ್ಟಗೆ ಹೋಯಿತು. "ತಪ್ಪ ಆದ್ರ ಆಗವಲ್ದ್ಯಾಕ. ಆದದ್ದ ಬರೀಬೇಕ ನೋಡು" ಎಂದರು. ಆ ಒಂದು ಮಾತನ್ನು ನಾನು ಕಲಿತಿದ್ದರೆ ಈ ಬರಹ ಬೇಕಿರಲಿಲ್ಲ.

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಅವ್ವ ತೀರಿಕೊಂಡಾಗ ತಮ್ಮ ಪರಸು ಇನ್ನೂ ತೊಟ್ಟಿಲಲ್ಲಿದ್ದ. ಅವನನ್ನು ಎತ್ತಿ ಆಡಿಸುವವರು ಯಾರೂ ಇರಲಿಲ್ಲವೆಂದು ಸಾಲೆ ಬಿಟ್ಟೆ. ಮುಂದೆ ಲಗ್ನವಾಯಿತು. ಗಂಡ ಗಾಳಿ ಅಳೆಯುವ ಕಚೇರಿಯಲ್ಲಿ ಜೀಪು ಓಡಿಸುತ್ತಿದ್ದರು. ಅವರು ಹೋದ ಮೇಲೆ ಅನುಕಂಪದ ನೌಕರಿಯೆಂದು ನನಗೆ ಈ ಕೆಲಸ ಬಂತು. ಮಕ್ಕಳಾಗಲಿಲ್ಲ. ನನಗೆ ಇದ್ದವನು ಪರಸು ಒಬ್ಬನೇ.

ಈಗ ಈ ಕೆಲಸಕ್ಕೆ ಹೊಸಬರು ಬರುತ್ತಿದ್ದೀರಿ. ನಿಮಗೆ ಯಂತ್ರದ ಜೊತೆ ದಪ್ಪನೆಯ ಪುಸ್ತಕ ಕೊಡುತ್ತಾರೆ, ಎರಡು ದಿನ ಕೂರಿಸಿ ಪಾಠ ಹೇಳುತ್ತಾರೆ. ಆ ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಯಾವ ಶಾಲು ಹೊದಿಸಿದರು ಎಂಬುದು ನಿಮಗೆ ಬೇಕಿಲ್ಲ. ನಾನು ಕೆಡಿಸಿದ್ದು ಏನು ಎಂಬುದು ಬೇಕು.

ಆಗ ಎಲ್ಲವೂ ಕೈಕೆಲಸ. ಕಾಗದದ ಜೊತೆ ಗಾಜಿನ ನಳಿಗೆಗಳೂ ಇದ್ದವು. ಅವುಗಳಲ್ಲಿ ಔಷಧದ ನೀರು ಹಾಕಿ ಅದರೊಳಗೆ ಗಾಳಿ ಗುಳುಗುಳು ಅನ್ನುವಂತೆ ಬಿಡುತ್ತಿದ್ದೆವು. ಗಾಳಿಯಲ್ಲಿದ್ದ ವಿಷ ನೀರಿಗೆ ಇಳಿಯುತ್ತಿತ್ತು. ಬಿಸಿಲಿಗೆ ಆ ನೀರು ಕೆಡಬಾರದೆಂದು ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಯಿಂದ ಬರ್ಫ ತಂದು ಡಬ್ಬಿಯಲ್ಲಿಟ್ಟು, ವಿಜಯಪುರದ ಪ್ರಯೋಗಾಲಯಕ್ಕೆ ನಾನೇ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಒಮ್ಮೆ ಕಂಡಕ್ಟರ್ ಡಬ್ಬಿ ತಟ್ಟಿ ಕೇಳಿದ:

"ಯವ್ವಾ, ಇದರಾಗ ಏನೈತಿ?"

"ಗಾಳಿ ಐತ್ರಿ."

"ಗಾಳಿಗೆ ಅರ್ಧ ತಿಕೀಟ ತಗಿಲ್ಯೋ, ಪೂರಾ ತಗಿಲ್ಯೋ?"

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಗುವನ್ನು ಕೂರಿಸಿಕೊಂಡಷ್ಟು ಜೋಪಾನ ಮಾಡುತ್ತಿದ್ದೆ ಆ ದಿನಗಳಲ್ಲಿ.

ಮುಂದೆ ವ್ಯಾನು ಬಂತು. ಅದರೊಳಗೆ ತಾವಾಗಿಯೇ ಅಳೆದು ಅಂಕಿ ತೋರಿಸುವ ಯಂತ್ರಗಳು. ವ್ಯಾನನ್ನು ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸುತ್ತಿದ್ದರು. ತಾಸಿಗೊಮ್ಮೆ ಅಂಕಿ ನೋಡಿ ದಿನವಹಿಯಲ್ಲಿ ಬರೆಯುವುದು, ಗಾಳಿ ಒಳಬರುವ ಕೊಳವೆಯ ಸೋಸುಗ ಬದಲಿಸುವುದು ನನ್ನ ಪಾಲಿಗೆ ಬಂದವು. ಓಝೋನ್ ಎಂಬ ಹೆಸರು ಕೇಳಿದ್ದು ಅದೇ ವ್ಯಾನಿನಲ್ಲಿ. ಆಕಾಶದ ಮೇಲ್ಗಡೆ ಅದು ಇದ್ದರೆ ಕೊಡೆಯಂತೆ ಕಾಯುತ್ತದೆ, ನೆಲದ ಹತ್ತಿರ ಹುಟ್ಟಿಕೊಂಡರೆ ಎದೆಯೊಳಗೆ ಹೊಕ್ಕು ಉರಿಸುತ್ತದೆ ಎಂದಷ್ಟೇ ಹೇಳಿದ್ದರು. ಬಣ್ಣವಿಲ್ಲ. ಹೊಗೆಯ ಹಾಗೆ ಕಣ್ಣಿಗೆ ಬೀಳುವುದಿಲ್ಲ.

ಮುದ್ದೇಬಿಹಾಳದಲ್ಲಿ ವ್ಯಾನು ನಿಂತಿದ್ದಾಗ ಬೇಸಿಗೆಯ ಶುರುವಿನಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬಿತ್ತು. ಎರಡು ದಿನ ಊರ ಮೇಲೆ ಹೊಗೆ ಕಂಬಳಿ ಹೊದಿಸಿದಂತೆ ಕೂತಿತ್ತು. ಸೂರ್ಯ ತಾಮ್ರದ ತಟ್ಟೆಯಂತೆ ಕಾಣುತ್ತಿದ್ದ. ಧೂಳಿನ ಅಂಕಿ ಮೇಲಕ್ಕೆ ಹಾರಿತು. ಓಝೋನಿನದು ಮಾತ್ರ ಏಳಲೇ ಇಲ್ಲ. ಮೂರನೆಯ ದಿನ ಬೆಂಕಿ ಆರಿತು, ಹೊಗೆ ತೆಳುವಾಯಿತು, ಬಿಸಿಲು ಚುರುಕಾಯಿತು. ಮಧ್ಯಾಹ್ನ ಎರಡರ ಹೊತ್ತಿಗೆ ಓಝೋನಿನ ಅಂಕಿ ಏರತೊಡಗಿತು. ನಾನು ಹಿರೇಮಠ ಸಾಹೇಬರನ್ನು ಕರೆದು ತೋರಿಸಿದೆ.

"ಹೊಗಿ ಇದ್ದಾಗ ಕಡಿಮಿ, ಹೊಗಿ ಹೋದ ಮ್ಯಾಲ ಜಾಸ್ತಿ? ಹಂಗ ಎಲ್ಲೆರ ಇರತೈತೇನು?" ಎಂದರು. "ಕೊಳವಿಯೊಳಗ ಮಸಿ ಕುಂತಿರಬೇಕು, ದೀಪಕ್ಕ ಮೋಸ ಆಗಾಕತ್ತೈತಿ. ಆ ಅಂಕಿ ಹಿಡೀಬ್ಯಾಡ, ಗೆರಿ ಹೊಡಿ."

ಆ ಯಂತ್ರ ಗಾಳಿಯೊಳಗೆ ದೀಪದ ಬೆಳಕು ಹಾಯಿಸಿ ಅಳೆಯುವಂಥದು; ಹೊಗೆ ಹೊಕ್ಕರೆ ಆ ದೀಪ ಒಮ್ಮೊಮ್ಮೆ ಸುಳ್ಳು ಹೇಳುವುದು ನಿಜ. ಅವರು ಬೇಕೆಂದು ತಪ್ಪು ಮಾಡಲಿಲ್ಲ. ಆದರೆ ಸೋಸುಗ ಬದಲಿಸಿ ಮತ್ತೆ ನೋಡೋಣ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೆರೆ ಹೊಡೆದೆ. ಹೊಗೆ ಹೋದರೆ ಗಾಳಿ ಒಳ್ಳೆಯದು, ಆಗ ಅಂಕಿ ಏರಿದರೆ ಯಂತ್ರ ಕೆಟ್ಟಿದೆ ಎಂದು ಅವತ್ತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಏಳನೆಯ ಇಯತ್ತೆಯ ತಲೆಯಲ್ಲಿ ಒಂದು ಕೂತರೆ ಎಬ್ಬಿಸುವುದು ಕಷ್ಟ.

ಸಿಂದಗಿಯಲ್ಲಿ ಇನ್ನೊಂದು ಪಾಠ ತಪ್ಪಾಗಿ ಕಲಿತೆ. ಅಲ್ಲಿ ವ್ಯಾನಿನ ಎಸಿ ಕೆಟ್ಟು ನಿಂತ ಒಂದು ಮಧ್ಯಾಹ್ನ, ಬಿಸಿಲ ಝಳಕ್ಕೆ ಒಂದು ಯಂತ್ರ ಸುಟ್ಟೇಹೋಯಿತು. ನಾನು ಎದುರಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದೆ. ವಾಸನೆ ಬಂದು ಓಡುವಷ್ಟರಲ್ಲಿ ಆಗಿಹೋಗಿತ್ತು. ನನಗೆ ಮೆಮೊ ಬಂತು. ಇಂಗ್ಲಿಷಿನಲ್ಲಿದ್ದ ಅದನ್ನು ಓದಿಸಿಕೊಂಡು ಕೇಳಿದೆ: ಇನ್ನೊಮ್ಮೆ ಹೀಗಾದರೆ ನೌಕರಿ ಹೋಗುತ್ತದೆ ಎಂದಿತ್ತು. ಪಕ್ಕದ ಹೊಲದ ರೈತ ಬಂದು ಕರಿಕಾದ ತಂತಿ ನೋಡಿ ತಲೆ ಆಡಿಸಿದ:

"ತಂಗೀ, ಬಾವಿ ಮೋಟರ ಸೈತ ನಾವು ಮಧ್ಯಾಹ್ನ ಮೂರ ತಾಸ ಬಂದ್ ಮಾಡ್ತೇವಿ. ಎತ್ತ ಆಗಲಿ, ಮೋಟರ ಆಗಲಿ, ಉರಿ ಬಿಸಲಾಗ ದಣುವು ಆರಿಸಿಕೊಳ್ಳಾಕ ಬೇಕು. ಇಷ್ಟೂ ತಿಳೀಲಿಲ್ಲೇನ ನಿನಗ?"

ತಿಳಿಯಿತು. ಅವತ್ತಿನಿಂದ ನನ್ನ ವಶದಲ್ಲಿದ್ದ ಯಂತ್ರಗಳಿಗೆ ಮಧ್ಯಾಹ್ನದ ವಿಶ್ರಾಂತಿ ಸಿಕ್ಕಿತು.

ಕೊನೆಯ ವರ್ಷಗಳಲ್ಲಿ ಇಂಡಿಗೆ ವರ್ಗವಾಯಿತು. ಅಲ್ಲಿ ವ್ಯಾನಿನ ಬದಲು ತಗಡಿನ ಕ್ಯಾಬಿನ್ನು, ಒಳಗೆ ಯಂತ್ರಗಳು, ಅವುಗಳಿಗೊಂದು ಮುದಿ ಎಸಿ. ನನಗೆ ಖುಷಿಯೋ ಖುಷಿ, ಯಾಕೆಂದರೆ ಪರಸು ಇದ್ದದ್ದು ಇಂಡಿಯಲ್ಲಿ. ಅವನು ಲಿಂಬಿ ತೋಟಗಳಲ್ಲಿ ಕಾಯಿ ಹರಿಯುವ ಹೆಣ್ಣಾಳುಗಳ ತಂಡಕ್ಕೆ ಮುಂದಾಳು. ತಾನೂ ಮುಳ್ಳಿನೊಳಗೆ ಕೈ ಹಾಕಿ ಕಾಯಿ ಕೀಳುತ್ತಿದ್ದ. ಚಿಕ್ಕಂದಿನಿಂದ ಅವನಿಗೆ ದಮ್ಮು. ಹರೆಯದಲ್ಲಿ ಬೀಡಿ ಬೇರೆ ಹತ್ತಿಸಿಕೊಂಡಿದ್ದ. ನಾನು ಒಮ್ಮೆ ಅವನ ಕೈಯನ್ನು ನನ್ನ ತಲೆಯ ಮೇಲಿಡಿಸಿ ಆಣೆ ಮಾಡಿಸಿದ ಮೇಲೆ ಬಿಟ್ಟ.

ಆ ಕಡೆ ಭೀಮಾ ಹೊಳೆಯ ಸಾಲಿಗೆ ಕಬ್ಬು. ಕಬ್ಬು ಕಡಿದ ಮೇಲೆ ಹೊಲದಲ್ಲಿ ಮೊಳಕಾಲುದ್ದ ರವದಿ ಬಿದ್ದಿರುತ್ತದೆ. ಒಣ ಸೋಗೆ, ಗರಿ. ಅದನ್ನು ಬಳಿಯುವುದಕ್ಕೆ ಆಳು ಸಿಗುವುದಿಲ್ಲವೆಂದು ಕಡ್ಡಿ ಗೀರುತ್ತಾರೆ. ಆಲಮೇಲದಿಂದ ಈಚೆಗೆ ಸಂಜೆ ಹೊತ್ತಿಸಿದ ಬೆಂಕಿಗಳ ಹೊಗೆ ರಾತ್ರಿಯೆಲ್ಲ ತಗ್ಗಿನಲ್ಲಿ ಕೂತು, ಮುಂಜಾನೆ ಊರಿನ ಮೇಲೆ ಮಬ್ಬಾಗಿ ನಿಲ್ಲುತ್ತಿತ್ತು. ಪರಸುವಿನ ಫೋನು ಆರೂವರೆಗೆ ತಪ್ಪದೆ ಬರುತ್ತಿತ್ತು.

"ಅಕ್ಕಾ, ನಿನ್ನ ಮಷೀನ ಇವತ್ತೇನಂತೈತಿ?"

"ಹೊಗಿ ಭಾಳ ಐತಿ ಅಂತೈತಿ. ಈಗ ಹೊರಗ ಬೀಳಬ್ಯಾಡ. ಹನ್ನೆರಡರ ಮ್ಯಾಲ ಹೋಗು, ಅಷ್ಟೊತ್ತಿಗೆ ಬಯಲಾಗ್ತೈತಿ."

"ನೀ ಅಂದ್ರ ಮುಗೀತು."

ಅವನು ತೋಟದ ಮಾಲೀಕರನ್ನು ಒಪ್ಪಿಸಿ ಇಡೀ ತಂಡದ ಹೊತ್ತನ್ನೇ ಬದಲಿಸಿದ. ಹೊಗೆಯ ದಿನಗಳಲ್ಲಿ ಹನ್ನೆರಡರಿಂದ ಐದರವರೆಗೆ ಹರಿಯುವುದು. ಹೆಣ್ಣಾಳುಗಳು ಬಿಸಿಲು ಬಿಸಿಲೆಂದು ಗೊಣಗಿದರೆ, "ನಮ್ಮಕ್ಕ ಗಾಳಿ ಅಳಿತಾಳ, ನೀವು ಬರೇ ಗಾಳಿ ಬಿಡ್ತೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದ. ನನಗೆ ಆ ಮಾತು ಕೇಳಿ ಹೆಮ್ಮೆ.

ಅದೇ ಹನ್ನೆರಡು ದಾಟಿ ಒಂದು ಹೊಡೆಯುತ್ತಿದ್ದಂತೆ ನಾನು ಕ್ಯಾಬಿನ್ನಿನ ಓಝೋನ್ ಯಂತ್ರ ಆರಿಸುತ್ತಿದ್ದೆ. ಮುದಿ ಎಸಿ ಅಷ್ಟೊತ್ತಿಗೆ ಉಸಿರು ಬಿಡುತ್ತಿತ್ತು. ಸಿಂದಗಿಯ ಸುಟ್ಟ ವಾಸನೆ ಮೂಗಿನಿಂದ ಹೋಗಿರಲಿಲ್ಲ. ನಾಲ್ಕಕ್ಕೆ ಹಚ್ಚುತ್ತಿದ್ದೆ. ಹಚ್ಚಿದ ಮೇಲೆ ಅದು ಹದಕ್ಕೆ ಬರಲು ಮತ್ತೆ ಅರ್ಧ ತಾಸು. ದಿನವಹಿಯಲ್ಲಿ ಆ ತಾಸುಗಳ ಸಾಲುಗಳನ್ನು ಖಾಲಿ ಬಿಟ್ಟು ಪಕ್ಕದಲ್ಲಿ 'ಕರೆಂಟ್ ಇಲ್ಲ' ಎಂದು ಬರೆಯುತ್ತಿದ್ದೆ. ಆರಿಸುವ ಮುಂಚೆ ಒಮ್ಮೊಮ್ಮೆ ಅಂಕಿ ಏರುತ್ತಿದ್ದುದು ಕಣ್ಣಿಗೆ ಬೀಳುತ್ತಿತ್ತು. ಹೊರಗೆ ಬಾಗಿಲಲ್ಲಿ ನಿಂತು ನೋಡಿದರೆ ಆಕಾಶ ತೊಳೆದಿಟ್ಟಂತೆ. ಕಾದು ಹುಚ್ಚೆದ್ದಿದೆ, ಮಲಗಲಿ ಎಂದುಕೊಳ್ಳುತ್ತಿದ್ದೆ.

ಎರಡನೆಯ ಬೇಸಿಗೆಗೆ ಪರಸು ಬೇರೆ ಮಾತು ಹೇಳತೊಡಗಿದ.

"ಅಕ್ಕಾ, ಮಧ್ಯಾಹ್ನದಾಗ ಎದಿ ಹಗ್ಗಾ ಹಾಕಿ ಬಿಗದಂಗ ಆಗ್ತೈತಿ. ಹೊಗಿ ಇಲ್ಲ ಏನಿಲ್ಲ. ಉಸರು ಒಳಗ ಹೋಗವಲ್ದು."

"ಹೊಗಿ ಇಲ್ಲದ ದಮ್ಮು ಹೆಂಗ ಬರ್ತೈತಿ? ಖರೇ ಹೇಳು, ಬೀಡಿ ಸೇದಾಕತ್ತಿ ಹೌದಲ್ಲೋ?"

"ನಿನ್ನ ತಲಿಮ್ಯಾಲ ಆಣಿ ಮಾಡೇನಲ್ಲ ಅಕ್ಕಾ."

"ಆಣಿ ಮುರಿಯೋರು ಊರ ತುಂಬ ಅದಾರ."

ಇಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಅವನ ಹೆಂಡತಿ ಶಾಂತವ್ವನನ್ನು ಕೂರಿಸಿಕೊಂಡು, "ಕದ್ದು ಸೇದಾಕತ್ತಾನವ, ಗೊತ್ತಿರಲಿ" ಎಂದೆ. ಪಾಪದ ಹೆಂಗಸು. ಅವತ್ತು ಸಂಜೆಯಿಂದ ಗಂಡ ಮನೆಗೆ ಬಂದ ಕೂಡಲೇ ಅಂಗಿ ಬಿಚ್ಚಿಸಿ ಮೂಸಿ ನೋಡತೊಡಗಿದಳು. ಬೀಡಿ ವಾಸನೆ ಇರಲಿಲ್ಲ. ಲಿಂಬಿ ಹಣ್ಣಿನ ವಾಸನೆ ಇತ್ತು. ಅದನ್ನು ಹಚ್ಚಿಕೊಂಡೇ ಬೀಡಿ ವಾಸನೆ ಮುಚ್ಚುತ್ತಾನೆ ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಶಿವರಾತ್ರಿ ಕಳೆದ ಮೇಲಿನ ಒಂದು ಮಧ್ಯಾಹ್ನ ಪರಸು ತೋಟದಲ್ಲಿ ಬುಟ್ಟಿಯ ಮೇಲೆಯೇ ಕುಸಿದ. ತಂಡದ ಹೆಣ್ಣುಮಕ್ಕಳು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ನಾನು ಹೋದಾಗ ಮುಖಕ್ಕೆ ಮಾಸ್ಕ್ ಹಾಕಿ ಔಷಧದ ಹಬೆ ಕೊಡುತ್ತಿದ್ದರು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ಎದೆ ಏರಿಳಿಯುವುದನ್ನು ಎಣಿಸುತ್ತ ನಿಂತೆ. ಡಾಕ್ಟರು ಕೇಳಿದರು, "ಬೀಡಿ ಸೇದ್ತಾನೇನ್ರಿ?" ಅವನು ಮಾಸ್ಕಿನೊಳಗಿಂದ ಇಲ್ಲವೆಂದು ತಲೆ ಅಲ್ಲಾಡಿಸಿದ. ನಾನು "ಹ್ಞೂಂರಿ" ಎಂದೆ.

ಅವನು ಆಸ್ಪತ್ರೆಯಲ್ಲಿ ಇದ್ದ ವಾರದಲ್ಲೇ ನಮ್ಮ ಕಚೇರಿಯ ಹೊಸ ಅಧಿಕಾರಿ ನಾಗವೇಣಿ ಮೇಡಂ ತಪಾಸಣೆಗೆ ಬಂದರು. ಧಾರವಾಡದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಹೊಸ ಎಸಿ ತಂದಿದ್ದರು. ಅವತ್ತು ಅವರು ಕ್ಯಾಬಿನ್ನಿನಲ್ಲೇ ಕೂತಿದ್ದರಿಂದ ಒಂದಕ್ಕೆ ಯಂತ್ರ ಆರಿಸಲಾಗಲಿಲ್ಲ. ಮುಂಜಾನೆ ದಟ್ಟ ಮಬ್ಬು ಇದ್ದ ದಿನ ಅದು. ಹತ್ತಕ್ಕೆ ಓಝೋನಿನ ಅಂಕಿ ಸಣ್ಣದಾಗಿತ್ತು. ಹನ್ನೆರಡಕ್ಕೆ ಏರಿತು. ಒಂದೂವರೆಗೆ ಮಿತಿಯ ಗೆರೆ ದಾಟಿತು. ಎರಡೂವರೆಗೆ ಇನ್ನೂ ಮೇಲೆ. ಹೊರಗೆ ಆಕಾಶದಲ್ಲಿ ಹೊಗೆಯ ಎಳೆಯೂ ಇರಲಿಲ್ಲ.

"ಮೇಡಂ, ಕೊಳವಿಯೊಳಗ ಮಸಿ ಇರಬೇಕ್ರಿ. ಗೆರಿ ಹೊಡಿಲೇನ್ರಿ?"

ಅವರು ಸೋಸುಗ ಬದಲಿಸಿದರು. ಶುದ್ಧ ಗಾಳಿ ಹಾಯಿಸಿದರು, ಅಂಕಿ ಸೊನ್ನೆಗೆ ಇಳಿಯಿತು. ಮತ್ತೆ ಹೊರಗಿನ ಗಾಳಿ ಬಿಟ್ಟರು. ಅಷ್ಟೇ ಎತ್ತರಕ್ಕೆ ಏರಿ ನಿಂತಿತು.

"ಯಂತ್ರ ಖರೇನ ಹೇಳಲಿಕ್ಕೆ ಹತ್ತದ, ಗಂಗಕ್ಕಾ" ಎಂದರು. "ನೀವು ರೊಟ್ಟಿ ಮಾಡ್ತೀರಲ್ಲ, ಹಿಟ್ಟು ನಾದಿಟ್ರ ರೊಟ್ಟಿ ಆತೇನು? ಹಂಚು ಕಾಯಬೇಕು. ರವದಿ ಹೊಗಿ ಅಂದ್ರ ನಾದಿದ ಹಿಟ್ಟು. ಅದರಾಗ ಕಣ್ಣಿಗೆ ಕಾಣದ ಅನಿಲ ಇರ್ತಾವ, ಊರಿನ ಗಾಡಿಗಳ ಹೊಗಿನೂ ಕೂಡ್ತದ. ಮ್ಯಾಲ ಬಿಸಿಲು ಕಾಯ್ತದ. ಮಬ್ಬು ತೆಳ್ಳಗಾಗಿ ಸ್ವಚ್ಛ ಕಾಣಸ್ತದಲ್ಲ, ಆವಾಗನ ಓಝೋನ್ ಬೇಯೋದು. ಮಧ್ಯಾಹ್ನ ಪೂರಾ ಬೇಯ್ತದ, ಹೊತ್ತು ಮುಳುಗಿದ ಮ್ಯಾಲ ಇಳೀತದ."

"ಮತ್ತ ಹೊಗಿ ದಟ್ಟ ಇದ್ದಾಗ?"

"ಹಂಚಿಗೆ ಬಿಸಿ ತಾಗಂಗಿಲ್ಲ. ಹೊಗಿನ ಬಿಸಿಲ ಮುಚ್ಚಿಬಿಡ್ತದ. ಮರುದಿನ, ಇಲ್ಲಾ ಗಾಳಿ ಒಯ್ದ ಮುಂದಿನ ಊರಾಗ ಬೇಯ್ತದ."

ಮುದ್ದೇಬಿಹಾಳದ ಮೂರನೆಯ ದಿನ ನೆನಪಾಯಿತು. ನಾನು ಹೊಡೆದ ಗೆರೆ ನೆನಪಾಯಿತು. ದಮ್ಮು ಇದ್ದವರಿಗೆ ಇದು ಏನು ಮಾಡುತ್ತದೆ ಎಂದು ಕೇಳಿದೆ. "ಎದಿಯೊಳಗಿನ ನಳಿಗಿ ಬಿಗೀತಾವ. ಬಿಸಿಲಾಗ ದುಡಿಯೋರಿಗೆ ಇನ್ನೂ ಜಾಸ್ತಿ, ಅವರು ದೊಡ್ಡ ಉಸಿರು ತಗೋತಾರಲ್ಲ" ಎಂದರು.

ಹನ್ನೆರಡಕ್ಕೆ ಹೋಗು ಎಂದವಳು ನಾನು. ಹಂಚು ಕಾಯುವ ಹೊತ್ತು ನೋಡಿ ಅವನನ್ನು ಕಳಿಸಿದವಳು ನಾನು.

ಮೇಡಂ ಅಷ್ಟರಲ್ಲಿ ಹಳೆಯ ದಿನವಹಿ ತಿರುವುತ್ತಿದ್ದರು. "ಗಂಗಕ್ಕಾ, ಈ ಮಧ್ಯಾಹ್ನದ ಸಾಲೆಲ್ಲಾ ಯಾಕ ಖಾಲಿ?"

"ಕರೆಂಟ ಇರ್ತಿರಲಿಲ್ರಿ."

"ದಿನಾ ಒಂದಕ್ಕ ಹೋಗಿ ನಾಕಕ್ಕ ಬರ್ತಿತ್ತೇನ್ರಿ?"

"ಹೌದ್ರಿ. ಇಲ್ಲಿ ಹಂಗ ಐತ್ರಿ."

ಇದು ನನ್ನ ತಪ್ಪೊಪ್ಪಿಗೆಯ ನಡುಭಾಗ. ಗೊತ್ತಿಲ್ಲದೆ ಮಾಡಿದ್ದನ್ನು ಯಾರಾದರೂ ಮನ್ನಿಸಬಹುದು. ಇದನ್ನು ನಾನು ಗೊತ್ತಿದ್ದು ಮಾಡಿದೆ. ಸಿಂದಗಿಯ ಮೆಮೊ ಕಣ್ಣೆದುರು ಬಂತು, ನಿವೃತ್ತಿಗೆ ಸ್ವಲ್ಪವೇ ಉಳಿದಿತ್ತು, ಸುಳ್ಳು ಹೇಳಿದೆ. ಪರಸು ಮನೆಗೆ ಬಂದ ಮೇಲೆ, "ಹೊಗಿ ದಿನ ಮಧ್ಯಾಹ್ನ ತೋಟಕ್ಕ ಹೋಗಬ್ಯಾಡ್ರಿ, ಗಾಳಿ ಬದಲಾಗೈತಿ" ಎಂದಷ್ಟೇ ಹೇಳಿದೆ. ಯಾವಾಗಿನಿಂದ ಬದಲಾಗಿದೆ ಎಂದು ಅವನು ಕೇಳಲಿಲ್ಲ. ನೀ ಅಂದ್ರ ಮುಗೀತು ಎಂದ. ಬೀಡಿಯ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಮತ್ತೆ ಯಾಕೆ ಹೀಗಾಯಿತು ಎಂಬ ಪ್ರಶ್ನೆ ಬರುತ್ತಿತ್ತು.

ಉಳಿದ ದಿನ ಯಂತ್ರವನ್ನು ಒಂದು ನಿಮಿಷವೂ ಆರಿಸದೆ ಕೆಲಸ ಮಾಡಿ ನಿವೃತ್ತಳಾದೆ. ಬೀಳ್ಕೊಡುವಾಗ 'ಪ್ರಾಮಾಣಿಕ ಸೇವೆ' ಎಂದು ಯಾರೋ ಭಾಷಣ ಮಾಡಿದರು. ಪರಸು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ. ನಾಲ್ಕು ಸಲ ತಟ್ಟುವಷ್ಟರಲ್ಲಿ ಉಸಿರು ಹತ್ತಿತು, ಕಿಸೆಯಿಂದ ದಮ್ಮಿನ ಔಷಧದ ಪಂಪ್ ತೆಗೆದು ಎಳೆದುಕೊಂಡ. ಈಗ ಅವನಿಗೆ ಕಾಯಿ ಹರಿಯಲಾಗುವುದಿಲ್ಲ. ನೆರಳಲ್ಲಿ ಕೂತು ಹಣ್ಣು ಆರಿಸುತ್ತಾನೆ, ತಂಡ ನೋಡಿಕೊಳ್ಳುತ್ತಾನೆ.

ಎರಡು ವರ್ಷ ಹೀಗೇ ಹೋದವು. ಈ ಸಲದ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಪರಸು ತೋಟದಿಂದ ಬಂದ. ಬಾಗಿಲಲ್ಲೇ ನಿಂತು, ಯಾರೂ ಏನೂ ಹೇಳದೆ, ಅಂಗಿ ಬಿಚ್ಚಿ ಶಾಂತವ್ವನ ಕೈಗೆ ಕೊಟ್ಟ. ಅವಳು ನನ್ನ ಜೊತೆ ಬದನೆಕಾಯಿ ಪಲ್ಯದ ಮಾತಾಡುತ್ತಲೇ ಅಂಗಿಯನ್ನು ಮೂಗಿಗೆ ಹಿಡಿದು, ಕೆಳಗಿಟ್ಟು, ಮಾತು ಮುಂದುವರಿಸಿದಳು. ಅವನು ಬನಿಯನ್ನಿನಲ್ಲಿ ಕಾಲು ತೊಳೆಯಲು ಹೋದ. ಇಬ್ಬರಿಗೂ ಅದು ದೀಪ ಹಚ್ಚಿದಷ್ಟೇ ರೂಢಿಯಾಗಿತ್ತು.

ನಾನು ಬದನೆಕಾಯಿ ಪಲ್ಯದ ಮಾತನ್ನು ಅಲ್ಲಿಗೇ ನಿಲ್ಲಿಸಿದೆ.

"ಶಾಂತಾ, ಅಂಗಿ ಮೂಸಬ್ಯಾಡ ಇನ್ನ" ಎಂದೆ. "ಪರಸೂ, ಇಲ್ಲಿ ಬಾ, ಕುಂಡ್ರು." ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ. ಸಿಂದಗಿಯಲ್ಲಿ ಸುಟ್ಟ ಯಂತ್ರ, ಒಂದಕ್ಕೆ ಆರಿಸಿ ನಾಲ್ಕಕ್ಕೆ ಹಚ್ಚಿದ್ದು, ಹಂಚು ಮತ್ತು ಹಿಟ್ಟು, ಮೇಡಂ ಮುಂದೆ ಹೇಳಿದ ಸುಳ್ಳು, ಆಸ್ಪತ್ರೆಯಲ್ಲಿ ಅಂದ 'ಹ್ಞೂಂರಿ'. ಒಂದನ್ನೂ ಬಿಡಲಿಲ್ಲ.

ಪರಸು ಪಂಪ್ ಎಳೆದುಕೊಂಡ. ಅವನ ಎದೆಯ ಸೀಟಿ ಕೇಳುತ್ತಿತ್ತು. ಕೊನೆಗೆ ಹೆಂಡತಿಯ ಕಡೆ ತಿರುಗಿದ.

"ಕೇಳಿದ್ಯಾ? ಅಂದ್ರ ನಾ ಬೀಡಿ ಸೇದಿರಲಿಲ್ಲ."

ಶಾಂತವ್ವ ಎದ್ದು, ಆ ಅಂಗಿ ತೆಗೆದುಕೊಂಡು ಬಚ್ಚಲಿಗೆ ಹೋದಳು. ನೀರು ಸುರಿಯುವ ಸಪ್ಪಳ, ಬಟ್ಟೆ ಕುಕ್ಕುವ ಸಪ್ಪಳ ಬಂತು. ಒಳಗಿನಿಂದಲೇ ಕೂಗಿದಳು: "ಅಕ್ಕಾರ, ಇಷ್ಟ ವರ್ಷ ನನ್ನ ಮೂಗ ದುಡಿಸಿದ್ರಲ್ರಿ! ನನ್ನ ಮೂಗ ಖರೇ ಹೇಳತಿತ್ತು, ನಾನ ನಿಮ್ಮ ಮಾತ ನಂಬಿದೆ." ನಾನೂ ಹಾಗೆಯೇ, ಯಂತ್ರ ಬಿಟ್ಟು ನನ್ನ ಕಣ್ಣು ನಂಬಿದವಳು.

"ತಪ್ಪಾತೋ ತಮ್ಮಾ" ಎಂದೆ.

"ನಮ್ಮ ಮುಂದ ಹೇಳಿದ್ರ ಏನ ಬಂತು ಅಕ್ಕಾ?" ಎಂದ ಪರಸು. ದನಿ ಏರಿಸಲಿಲ್ಲ. ಏರಿಸುವಷ್ಟು ಉಸಿರು ಅವನಲ್ಲಿ ಇಲ್ಲ. "ಎಲ್ಲೆ ಸುಳ್ಳ ಬರದಿ, ಅಲ್ಲೆ ಹೋಗಿ ಬರಿ. ನನ್ನ ಸಂಗಾಟ ಹದಿನೈದ ಮಂದಿ ಹೆಣ್ಮಕ್ಕಳು ಆ ಬಿಸಲಾಗ ನಿಂತಿದ್ರು. ಅವರ ಉಸರೂ ಆ ಖಾಲಿ ಸಾಲಿನಾಗ ಐತಿ."

ಮರುದಿನ ಮುಂಜಾನೆ ಇಂಡಿಯ ಕ್ಯಾಬಿನ್ನಿಗೆ ಹೋದೆ. ನಾಗವೇಣಿ ಮೇಡಂ ಅವತ್ತು ಬರುತ್ತಾರೆಂದು ಕೇಳಿಕೊಂಡೇ ಹೋಗಿದ್ದೆ. ಹಳೆಯ ದಿನವಹಿಗಳನ್ನು ಇಳಿಸಿಕೊಡಿ ಎಂದೆ. ಕಾರಣ ಕೇಳಿದರು, ಹೇಳಿದೆ. ಅವರ ಮುಖ ಬಿಗಿಯಿತು.

"ಈ ಖಾಲಿ ಸಾಲು ಬಿಟ್ಟು ಉಳಿದ ತಾಸು ಕೂಡಿಸಿ, ಆ ಎರಡು ವರ್ಷ ಇಂಡಿ ಊರಾಗ ಓಝೋನಿಂದು ತೊಂದರಿ ಇರಲಿಲ್ಲ ಅಂತ ನಾವು ಮ್ಯಾಲ ಬರದು ಕಳಿಸೇವಿ. ಗೊತ್ತದ ಏನ್ರಿ ನಿಮಗ?"

"ಈಗ ಗೊತ್ತಾತ್ರಿ."

"ಕಳೆದ ಅಂಕಿ ತಿರುಗಿ ಬರಂಗಿಲ್ಲ, ಗಂಗಕ್ಕಾ. ನಿವೃತ್ತಿ ಆಗೀರಿ, ಯಾರೂ ಕೇಳಿಲ್ಲ. ಬರದ್ರ ನಿಮಗ ತ್ರಾಸ ಆಗಬಹುದು."

"ಆಗಲಿರಿ. ಅಂಕಿ ಬರಲಿಕ್ಕಿಲ್ಲ. ಆ ಸಾಲು ಖಾಲಿ ಯಾಕ ಉಳೀತು ಅನ್ನೋದಾದ್ರೂ ಬರಲಿ. ಕೆಂಪು ಪೆನ್ನ ಕೊಡ್ರಿ."

'ಕರೆಂಟ್ ಇಲ್ಲ' ಎಂದು ಇದ್ದ ಪ್ರತಿಯೊಂದು ಪುಟದಲ್ಲೂ ಬರೆದೆ: 'ಕರೆಂಟ್ ಇತ್ತು. ಯಂತ್ರ ಆರಿಸಿದವಳು ನಾನು.' ಕೆಳಗೆ ಸಹಿ, ಅವತ್ತಿನ ತಾರೀಖು. ಎರಡು ಬೇಸಿಗೆಯ ಪುಟಗಳು. ಪ್ರತಿ ಪುಟದಲ್ಲೂ ಅದೇ ಮಾತನ್ನು ಪೂರ್ತಿ ಬರೆದೆ, 'ಮೇಲಿನಂತೆ' ಎಂದು ಎಲ್ಲಿಯೂ ಹಾಕಲಿಲ್ಲ. ನನ್ನ ಅಕ್ಷರ ಈಗಲೂ ಸೊಟ್ಟ. ಮೇಡಂ ಪ್ರತಿ ಪುಟಕ್ಕೂ ತಮ್ಮ ಸಹಿ ಹಾಕಿದರು. ಮುಗಿಯುವಷ್ಟರಲ್ಲಿ ಎರಡೂವರೆಯಾಗಿತ್ತು.

ಹೊಸಬರೇ, ನಿಮಗೆ ನಾನು ಹೇಳುವುದು ಇಷ್ಟು. ಹೊಗೆಯ ದಿನ ಮಧ್ಯಾಹ್ನ ಆಕಾಶ ಶುದ್ಧವಾಗಿ ಕಂಡಾಗಲೇ ಯಂತ್ರದ ಮುಂದೆ ಕೂರಿ. ಅಂಕಿ ನಂಬಲಾಗದಷ್ಟು ಏರಿದರೆ ಸೋಸುಗ ಬದಲಿಸಿ, ಶುದ್ಧ ಗಾಳಿ ಹಾಯಿಸಿ, ಮತ್ತೆ ನೋಡಿ. ಅದಕ್ಕೂ ಮುಂಚೆ ಗೆರೆ ಹೊಡೆಯಬೇಡಿ. ಎಸಿ ಕೆಟ್ಟರೆ ಎಸಿ ಕೆಟ್ಟಿದೆ ಎಂದು ಬರೆಯಿರಿ, ಮೆಮೊ ಬಂದರೆ ಬರಲಿ. ಯಂತ್ರ ಎತ್ತಲ್ಲ, ಅದಕ್ಕೆ ದಣಿವಿಲ್ಲ. ನೀವು ಆರಿಸಿದ ಹೊತ್ತಿನಲ್ಲಿ ಹೊರಗೆ ಯಾರೋ ಉಸಿರಾಡುತ್ತಿರುತ್ತಾರೆ.

ಪುಸ್ತಕ ಮುಚ್ಚಿ ಎದ್ದಾಗ ನನ್ನ ಫೋನು ಹೊಡೆದುಕೊಂಡಿತು. ಪರಸು. ನನ್ನ ನಿವೃತ್ತಿಯ ಮೇಲೂ ತಪ್ಪದ ಆರೂವರೆಯ ಫೋನನ್ನು ಅವತ್ತು ಮುಂಜಾನೆ ಅವನು ಮಾಡಿರಲಿಲ್ಲ. ಇನ್ನು ಮುಂದೆ ಮಾಡಲಿಕ್ಕಿಲ್ಲ ಎಂದುಕೊಂಡಿದ್ದೆ.

"ಬರದ್ಯಾ?"

"ಬರದೆ. ಎಲ್ಲಾ ಪುಟ."

ಅವನ ಸೀಟಿಯುಸಿರು ಕೇಳಿಸಿತು. ಆಮೇಲೆ ಕೇಳಿದ: "ಮಷೀನದ ಮುಂದ ಅದೀಯೇನು? ಈಗ ಏನಂತೈತಿ?"

ನಾನು ಬಾಗಿಲ ಹೊರಗೆ ನೋಡಲಿಲ್ಲ. ಯಂತ್ರದ ಗಾಜಿನ ಮೇಲಿದ್ದ ಅಂಕಿಯನ್ನು ಒಂದೊಂದೇ ಓದಿ ಹೇಳಿದೆ. "ಗೆರಿ ದಾಟೈತಿ" ಎಂದೆ.

ಮುಂಜಾನೆಯ ಮಬ್ಬಿಗೆ ತಡವಾಗಿ ಇಳಿದ ತಂಡ, ಕೆಲಸ ಮುಗಿಯದೆ, ಇನ್ನೂ ತೋಟದಲ್ಲೇ ಇತ್ತು; ಅವನು ಫೋನನ್ನು ಎದೆಗೆ ಒತ್ತಿಕೊಂಡೇ, ಇದ್ದಷ್ಟು ಉಸಿರು ಕೂಡಿಸಿ ಕೂಗಿದ. "ಏ, ಬಾಳವ್ವಾ, ಬುಟ್ಟಿ ಇಳಸ್ರಿ! ಮನಿಗೆ ನಡೀರಿ ಎಲ್ಲಾರೂ!"

ದೂರದಿಂದ ಒಂದು ಹೆಣ್ಣುದನಿ ಬಂತು: "ಮುಂಜಾನಿ ಹೊಗಿ ಅಂತಿ, ಮಧ್ಯಾಹ್ನ ಅದೇನೋ ಅಂತಿ. ಕಾಯಿ ಯಾವಾಗ ಹರಿಯೋದೋ ನಾವು?"

"ರವದಿ ಸುಡೋರ ಮನಿಗೆ ಹೋಗಿ ಕೇಳೂಣು, ನಡಿ. ನಮ್ಮಕ್ಕ ಮುಂದ ಬರ್ತಾಳ." ಮತ್ತೆ ಫೋನು ಕಿವಿಗೆ ಬಂತು. "ಹೌದಲ್ಲ ಅಕ್ಕಾ? ಬರ್ತಿ?"

"ಬರ್ತೇನಿ" ಎಂದೆ. "ಅವರಿಗೆ ತೋರಸಾಕ ದಿನವಹಿದು ಇವತ್ತಿನ ಪುಟ ಬರಕೊಂಡು ಬರ್ತೇನಿ, ತಡಿ."